ಊರು ಕಟ್ಟಿದವರ ಪುಸ್ತಕ ಆರಿಸುವಾಗ: ದೊಡ್ಡವ್ವನ ಕಿವಿಮಾತು

ನನ್ನ ತಂಗಿಯ ಮಗಳು ಬೆಂಗಳೂರಿನ ನೌಕರಿ ಬಿಟ್ಟು, ಗಂಡ ಮತ್ತು ಇಬ್ಬರು ಮಕ್ಕಳ ಸಮೇತ ಬುಕ್ಕಸಾಗರದ ಹಳೇ ಮನೆಗೆ ಬಂದಿದ್ದಾಳೆ. ಮಕ್ಕಳಿಗೆ ಪಾಠ ಮನೆಯಲ್ಲೇ. ಲೆಕ್ಕ, ವಿಜ್ಞಾನ ಅಳಿಯಂದಿರ ಪಾಲು; ಇತಿಹಾಸ ಇವಳ ಪಾಲು. ಹೊಸ ನೆಲಕ್ಕೆ ಹೋಗಿ, ಗಿಡಗಂಟಿ ಕಡಿದು, ಹೊಲ ಹಸನು ಮಾಡಿ, ಮನೆ ಎತ್ತಿ ನಿಂತ ಜನರ ಬದುಕನ್ನು ಮೂರು ತಿಂಗಳು ಪಾಠ ಮಾಡಬೇಕೆಂದು ಅವಳ ಆಸೆ. ಫೋನಿನಲ್ಲಿ ಒಂದು ಪಟ್ಟಿ ತೋರಿಸಿದಳು. ಇದ್ದ ಪುಸ್ತಕವೆಲ್ಲ ಅಮೆರಿಕದ್ದೇ. "ಇದರಲ್ಲಿ ಯಾವುದು ತರಿಸಲಿ, ದೊಡ್ಡವ್ವಾ?" ಎಂದಳು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿಯೇ ತಲೆ ನರೆತವಳನ್ನು ಇಂಥದ್ದು ಕೇಳಿದರೆ ಉತ್ತರ ಸಣ್ಣದಾಗಿ ಮುಗಿಯುವುದಿಲ್ಲ. ಬರೆದೇ ಕೊಟ್ಟೆ. ಮನೆಯಲ್ಲಿ ಮಕ್ಕಳಿಗೆ ಕಲಿಸುವ ಬೇರೆಯವರಿಗೂ ಬೇಕಾದೀತು.

• ಪುಸ್ತಕದ ಪಟ್ಟಿ ಆಮೇಲೆ ಮಾಡವ್ವಾ, ಮೊದಲು ಜನರ ಪಟ್ಟಿ ಮಾಡು. ನಮ್ಮ ಸುತ್ತ ಊರು ಕಟ್ಟಿದವರು ಯಾರ್ಯಾರು? ವಿಜಯನಗರದ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟು ಹಾಕಿ ಕಾಲುವೆ ತೆಗೆದವರು ಒಬ್ಬರು. ತುರ್ತು, ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ ಕಾಲುವೆಗಳ ಹೆಸರು ನಿನ್ನ ಮಕ್ಕಳಿಗೆ ಈಗಾಗಲೇ ಗೊತ್ತು, ಅದರ ನೀರಲ್ಲೇ ನಮ್ಮ ಬಾಳೆ, ಕಬ್ಬು, ಗದ್ದೆ ಇರುವುದು. ತುಂಗಭದ್ರಾ ಡ್ಯಾಂ ಕಟ್ಟಿದಾಗ ಮುಳುಗಡೆಯಾದ ಊರುಗಳಿಂದ ಎದ್ದು ಬಂದು ಬೇರೆ ಕಡೆ ಮನೆ ಕಟ್ಟಿಕೊಂಡವರು ಇನ್ನೊಬ್ಬರು. ಡ್ಯಾಂ ನೀರು ಬಂದ ಮೇಲೆ ಕೃಷ್ಣಾ, ಗೋದಾವರಿ ಸೀಮೆಯಿಂದ ಬಂದು ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಕ್ಯಾಂಪ್ ಹಾಕಿದ ತೆಲುಗು ರೈತರಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಹೊರಟು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆ ನಿಂತ ಬಂಗಾಳಿಗಳಿದ್ದಾರೆ. ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿ, ಕೊನೆಗೆ ಸಂಡೂರಿನ ಸುತ್ತಮುತ್ತ ತಾಂಡಾ ಮಾಡಿಕೊಂಡ ಲಂಬಾಣಿಗಳಿದ್ದಾರೆ. ಪಟ್ಟಿ ಇಷ್ಟಾದ ಮೇಲೆ ಅಮೆರಿಕದವರನ್ನು ಅದರ ಕೆಳಗೆ ಬರಿ. ಅವರನ್ನು ಬಿಡು ಅಂತ ನಾನು ಹೇಳುತ್ತಿಲ್ಲ.

• ಲಾರಾ ಇಂಗಲ್ಸ್ ವೈಲ್ಡರ್ ಪುಸ್ತಕಗಳನ್ನು ಖಂಡಿತ ಓದಿಸು. ಎಸ್. ಅನಂತನಾರಾಯಣ ಅವನ್ನು ಕನ್ನಡಕ್ಕೆ ತಂದಿದ್ದಾರೆ. ಸಿಕ್ಕರೆ ಕನ್ನಡದ್ದೇ ತಗೋ, ಚಿಕ್ಕವನಿಗೂ ಕಿವಿಗೆ ಬೀಳುತ್ತದೆ. ಆಕೆ ಹುಟ್ಟಿದ್ದು 1867ರಲ್ಲಿ, ಮೊದಲ ಪುಸ್ತಕ ಬಂದಿದ್ದು 1932ರಲ್ಲಿ, ಅಂದರೆ ಅರವತ್ತೈದರ ಮುದುಕಿ ತನ್ನ ಬಾಲ್ಯ ನೆನೆದು ಬರೆದದ್ದು. ಮಾಂಸ ಹೊಗೆಯಲ್ಲಿ ಒಣಗಿಸುವುದು, ಮರದ ದಿಮ್ಮಿ ಪೇರಿಸಿ ಮನೆ ಎತ್ತುವುದು, ಚಳಿಗಾಲಕ್ಕೆ ದವಸ ಕೂಡಿಡುವುದು, ಇವನ್ನೆಲ್ಲ ಕೈ ಹಿಡಿದು ತೋರಿಸಿದಂತೆ ಬರೆದಿದ್ದಾಳೆ. ಹಿಮ ಬಿದ್ದು ರೈಲು ನಿಂತುಹೋದ ಒಂದು ಚಳಿಗಾಲದಲ್ಲಿ ಮನೆಮಂದಿ ಸರದಿ ಪ್ರಕಾರ ಕಾಫಿಬೀಜ ಪುಡಿ ಮಾಡುವ ಕೈಗಿರಣಿಯಲ್ಲಿ ಗೋದಿ ಬೀಸುತ್ತಾರೆ, ಹುಲ್ಲನ್ನು ಹೊಸೆದು ಕಟ್ಟಿಗೆಯ ಬದಲು ಒಲೆಗೆ ಹಾಕುತ್ತಾರೆ. ಆ ಭಾಗ ಓದಿದ ದಿನ ನಮ್ಮ ಮನೆಯ ಬೀಸುಕಲ್ಲನ್ನು ಇಳಿಸಿ, ಒಂದು ಸೇರು ಜೋಳ ಬೀಸಲು ಇಬ್ಬರನ್ನೂ ಕೂರಿಸು. ಹತ್ತು ನಿಮಿಷಕ್ಕೇ ರಟ್ಟೆ ಬಿದ್ದುಹೋಗುತ್ತದೆ, ಪುಸ್ತಕ ಅರ್ಥವಾಗುತ್ತದೆ.

• ಆದರೆ ಅದೇ ಮಾಲೆಯಲ್ಲಿ ಹುಲ್ಲುಗಾವಲಿನ ಪುಸ್ತಕ, 1935ರದ್ದು, ಓದಿಸುವಾಗ ಜೊತೆಗೆ ಕೂತುಕೋ. ಆ ಸಂಸಾರ ಹೋಗಿ ಗುಡಿಸಲು ಹಾಕಿದ್ದು ಕಾನ್ಸಾಸ್‌ನಲ್ಲಿ, ಓಸೇಜ್ ಎಂಬ ಮೂಲನಿವಾಸಿಗಳ ನೆಲದಲ್ಲಿ. ಪುಸ್ತಕದ ಮೊದಲ ಪುಟಗಳಲ್ಲೇ ಅಲ್ಲಿ ಮನುಷ್ಯರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥದ ಮಾತಿತ್ತು. ಓದಿದವರೊಬ್ಬರು ಪ್ರಕಾಶಕರಿಗೆ ಕಾಗದ ಬರೆದ ಮೇಲೆ, ಲೇಖಕಿಯ ಒಪ್ಪಿಗೆ ಪಡೆದು 1953ರ ಮುದ್ರಣದಲ್ಲಿ ಅದನ್ನು ತಿದ್ದಿದರು. ಓಸೇಜರ ಬಗ್ಗೆ ಆ ಪುಸ್ತಕದ ದೊಡ್ಡವರು ಆಡುವ ಕಟು ಮಾತುಗಳು ಹಾಗೇ ಉಳಿದವು. ಇವೇ ಕಾರಣಕ್ಕೆ 2018ರಲ್ಲಿ ಅಮೆರಿಕದ ಗ್ರಂಥಾಲಯಗಳ ಸಂಘದವರು ಆಕೆಯ ಹೆಸರಲ್ಲಿದ್ದ ಮಕ್ಕಳ ಸಾಹಿತ್ಯ ಪ್ರಶಸ್ತಿಯ ಹೆಸರನ್ನೇ ಬದಲಿಸಿದರು. ಇಷ್ಟನ್ನೂ ದೊಡ್ಡ ಮಗಳಿಗೆ ಹೇಳು, ಹನ್ನೊಂದು ವರ್ಷದವಳಿಗೆ ತಿಳಿಯುತ್ತದೆ. ಇನ್ನೊಂದು ಮಾತು: ಆ ಸಂಸಾರ ಕಾನ್ಸಾಸ್‌ನಲ್ಲಿ ಇದ್ದಾಗ ಲಾರಾಳಿಗೆ ಎರಡು ಮೂರು ವರ್ಷ ಅಷ್ಟೇ. ಕಥೆಯ ಲಾರಾ ಅದಕ್ಕಿಂತ ದೊಡ್ಡವಳು. ಮೂರು ವರ್ಷದ ಕೂಸಿಗೆ ಅಷ್ಟೆಲ್ಲ ನೆನಪಿರುತ್ತದೆಯೇ, ಯಾರು ಹೇಳಿದ್ದು, ಯಾವುದು ಕಟ್ಟಿದ್ದು ಅಂತ ಅವಳೇ ಕೇಳಲಿ.

• ಈ ಪ್ರಶ್ನೆಯನ್ನು ನಮ್ಮ ಪುಸ್ತಕಗಳಿಗೂ ಹಾಕಬೇಕು: ಇವರು ಬರುವ ಮೊದಲು ಇಲ್ಲಿ ಯಾರಿದ್ದರು? ಡ್ಯಾಂ ಬಗ್ಗೆ ಮಕ್ಕಳಿಗೆಂದು ಬರೆದ ಪಾಠ ಯಾವುದನ್ನು ಬೇಕಾದರೂ ತೆಗೆದು ನೋಡು, ಬರಡು ಭೂಮಿ ಹಸಿರಾಯಿತು ಅಂತಲೇ ಶುರು. ಬರಡು ಎಲ್ಲಿತ್ತವ್ವಾ? ಎರೆ ಹೊಲದಲ್ಲಿ ಬಿಳಿಜೋಳ, ಹತ್ತಿ, ಕಡಲೆ, ಕುಸುಬಿ ಬೆಳೆಯುತ್ತಿದ್ದರು. ಮಸಾರಿಯಲ್ಲಿ ಸಜ್ಜೆ, ನವಣೆ. ಮಳೆ ಕೈಕೊಟ್ಟ ವರ್ಷ ಹೊಟ್ಟೆಗೆ ಕಷ್ಟ, ಅದು ನಿಜ. ನೀರು ಬಂದಾಗ ಹೊಲ ಸಮ ಮಾಡಿಸಿ ಮಡಿ ಕಟ್ಟಲು ದುಡ್ಡು ಬೇಕಿತ್ತು, ಭತ್ತದ ಬೇಸಾಯ ಗೊತ್ತಿರಬೇಕಿತ್ತು. ಇಲ್ಲಿಯ ಬಹಳ ಜನರಿಗೆ ಎರಡೂ ಇರಲಿಲ್ಲ. ಆಂಧ್ರದ ಕರಾವಳಿ ರೈತರಿಗೆ ಎರಡೂ ಇದ್ದವು. ಅಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಬಂತು. ಅವರ ದುಡಿಮೆ ಸಣ್ಣದೇನಲ್ಲ, ಮೊದಮೊದಲು ಜೋಪಡಿಯಲ್ಲಿದ್ದು ಬದು ಹಾಕಿದವರು. ಗಂಗಾವತಿ ಹತ್ತಿರದ ಶ್ರೀರಾಮನಗರದಂಥ ಊರುಗಳು ಹೀಗೆ ಎದ್ದವೇ. ಆದರೆ ಹೊಲ ಮಾರಿದವನು ಆಮೇಲೆ ಏನಾದ? ಅದೇ ಹೊಲಕ್ಕೆ ಕೂಲಿಗೆ ಹೋದನೇ? ಈ ಎರಡನೆಯ ಮನುಷ್ಯ ಇಲ್ಲದ ಪುಸ್ತಕ ಅರ್ಧ ಪುಸ್ತಕ. ಕೊಳ್ಳಬೇಡ ಅಂತಲ್ಲ, ಉಳಿದರ್ಧ ನೀನು ಹೇಳಬೇಕಾಗುತ್ತದೆ.

• ರಾಜರ ಪುಸ್ತಕ ಬೇಕಾದಷ್ಟಿವೆ, ಅವಕ್ಕೆ ಹೆಚ್ಚು ದುಡ್ಡು ಹಾಕಬೇಡ. ರಾಷ್ಟ್ರೋತ್ಥಾನದ ಭಾರತ-ಭಾರತಿ ಪುಸ್ತಕ ಸಂಪದ, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ಆ ಪುಟ್ಟ ಪುಟ್ಟ ಪುಸ್ತಕಗಳು, ನಮ್ಮ ಶಾಲೆಗಳ ಬೀರುವಿನಲ್ಲಿ ಕಾಯಂ ಇರುತ್ತಿದ್ದವು. ಕನ್ನಡ ಸರಳ, ಒಂದೇ ಕೂತಿಗೆ ಮುಗಿಯುತ್ತವೆ. ಅಮರ ಚಿತ್ರಕಥೆಯ ಕೃಷ್ಣದೇವರಾಯನೂ ಇದ್ದಾನೆ. ಇಂಥವು ಹೆಸರು, ಇಸವಿ ನೆನಪಿಡಲು ಒಳ್ಳೆಯವು. ಆದರೆ ಇವು ಮಹಾಪುರುಷರ ಕಥೆಗಳು. ಕಾಲುವೆ ತೋಡಿದವನಿಗೆ ಕೂಲಿ ಏನು ಸಿಗುತ್ತಿತ್ತು, ತೂಬು ಎತ್ತುವವನು ಯಾರು ಎಂಬುದು ಅವುಗಳ ಕೆಲಸವಲ್ಲ. ನೀನು ಪಾಠ ಮಾಡಬೇಕೆಂದಿರುವುದು ಅದೇ.

• ಪುಸ್ತಕ ಕೈಗೆ ಬಂದ ಕೂಡಲೇ ಯಾವುದಾದರೂ ಒಂದು ಕೆಲಸದ ಪುಟ ತೆಗಿ. ಆ ಪುಟ ಓದಿ ಆ ಕೆಲಸ ಹೇಗೆ ನಡೆಯಿತೆಂದು ಮಗು ಮತ್ತೆ ಹೇಳಬಲ್ಲದೇ? "ಅವರು ಕಷ್ಟಪಟ್ಟು ದುಡಿದರು" ಅಂತ ಇದ್ದು ಮುಂದಕ್ಕೆ ಹೋದರೆ ಆ ಪುಸ್ತಕ ಅಂಗಡಿಯಲ್ಲೇ ಇರಲಿ. ಒಂದು ಉದಾಹರಣೆ ಕೊಡುತ್ತೇನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ಹೊಳೆ ದಾಟುವ ಹರಿಗೋಲನ್ನು ನೋಡಿ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದರೆ ಸುತ್ತು ತಿರುಗುತ್ತಲೇ ಹೋಗುತ್ತದೆ. ಇಷ್ಟೇ ಓದಿ ತಳವಾರಘಟ್ಟಕ್ಕೋ ಹಂಪಿಯ ಹೊಳೆದಂಡೆಗೋ ಕರೆದುಕೊಂಡು ಹೋಗು. ಹರಿಗೋಲು ಬೋರಲು ಹಾಕಿರುತ್ತಾರೆ. ಬಿದಿರಿನ ಸೀಳುಗಳನ್ನು ಎಷ್ಟು ಒತ್ತಾಗಿ ಹೆಣೆದಿದ್ದಾರೆ, ಅಂಚಿಗೆ ಕಟ್ಟು ಹೇಗೆ ಬಿಗಿದಿದ್ದಾರೆ, ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಹೇಗೆ ಬಂದಿವೆ ಅಂತ ಮಗು ಕೈಯಿಂದ ಮುಟ್ಟಿ ನೋಡಲಿ. ನಡೆಸುವವರನ್ನು ಅಣ್ಣಾ ಅಂತ ಕರೆದು, ಒಂದು ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಲಿ. ಹೊರನಾಡಿನವನೊಬ್ಬ ಬರೆದ ನಾಲ್ಕು ಸಾಲು ಐನೂರು ವರ್ಷದ ಮೇಲೆ ನಮ್ಮ ದಂಡೆಯಲ್ಲಿ ನಿಂತು ಪರೀಕ್ಷಿಸಬಹುದು, ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನನಗಂತೂ ಗೊತ್ತಿಲ್ಲ. ಇಂಥ ಪ್ರವಾಸಿಗಳ ಬರಹ ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಕನ್ನಡದಲ್ಲೇ ಇವೆ. ಮಕ್ಕಳ ಪುಸ್ತಕವಲ್ಲ, ನೀನು ಓದಿ, ಬೇಕಾದ ಪುಟ ಹೆಕ್ಕಿ ಓದಿ ಹೇಳು.

• ಹಗೇವು ಅಂದರೆ ಏನೆಂದು ನಿನ್ನ ಮಕ್ಕಳಿಗೆ ಗೊತ್ತೇ? ನೆಲದೊಳಗೆ ತೋಡಿ, ಒಳಗೋಡೆಗೆ ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚುತ್ತಿದ್ದ ಕಣಜ. ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ಬಾಯಿ ತೆರೆದಿಟ್ಟು ಕಾಯಬೇಕು. ಭತ್ತದ ಚೀಲ ಗೋದಾಮಿಗೆ ಹೋಗಲು ಶುರುವಾದ ಮೇಲೆ ಹಗೇವುಗಳನ್ನು ಮುಚ್ಚಿದರು. ರಂಟೆ, ಕುಂಟೆ, ಕೂರಿಗೆ ಇವುಗಳ ಗತಿಯೂ ಅದೇ. ಈ ಸಾಮಾನಿನ ಹೆಸರುಗಳು ಬರುವ ಪುಸ್ತಕ ಸಿಕ್ಕರೆ ಕಣ್ಣು ಮುಚ್ಚಿ ಕೊಂಡುಕೋ, ಬರೆದವನು ಹೊಲ ನೋಡಿದವನೇ ಇರುತ್ತಾನೆ.

• ಚಿತ್ರ ನೋಡು. ಮಕ್ಕಳು ಅಕ್ಷರಕ್ಕಿಂತ ಮೊದಲು ಚಿತ್ರವನ್ನೇ ನಂಬುವುದು. ಹಕ್ಕ ಬುಕ್ಕರ ಕಾಲದ ಬಜಾರಿನ ಚಿತ್ರದಲ್ಲಿ ಕೆಂಪು ಮೆಣಸಿನಕಾಯಿ ರಾಶಿ, ಟೊಮೇಟೊ, ಗೋವಿನಜೋಳ ಇದ್ದರೆ ಬರೆದವರು ವಿಚಾರಿಸಿಲ್ಲ ಅಂತ ಅರ್ಥ. ಅವೆಲ್ಲ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರ ಹಡಗು 1498ರಲ್ಲಿ ಕೇರಳಕ್ಕೆ ಬಂದ ಮೇಲಿನ ಮಾತು. ನಮ್ಮ ಖಾರ ಆಗ ಕರಿಮೆಣಸಿನದು. ಹಂಪಿಯ ಕಲ್ಲಿನ ರಥವೂ ಒಳ್ಳೆಯ ಪರೀಕ್ಷೆ. 1336ರ ಕಥೆಯ ಹಿನ್ನೆಲೆಯಲ್ಲಿ ಅದನ್ನು ಬರೆದರೆ ತಪ್ಪು, ಅದು ಹದಿನಾರನೇ ಶತಮಾನದ ಕೆಲಸ. ಕೃಷ್ಣದೇವರಾಯನ ಕಾಲದ ಚಿತ್ರದಲ್ಲಿ ಈಗ 50 ರೂಪಾಯಿ ನೋಟಿನ ಮೇಲಿರುವಂತೆ ಮೇಲ್ಭಾಗ ಬೋಳಾಗಿ ಬರೆದರೂ ತಪ್ಪು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮಿಲಿಟರಿ ಅಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರ ಇದೆ. ನೋಟು, ಫೋಟೋ, ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸು. ತಪ್ಪಿದ್ದ ಪುಸ್ತಕವನ್ನು ವಾಪಸು ಮಾಡಬೇಕಿಲ್ಲ. ತಪ್ಪು ಹುಡುಕುವುದರಲ್ಲಿ ಮಕ್ಕಳಿಗೆ ಇರುವ ಹುರುಪು ಸರಿ ಕಲಿಯುವುದರಲ್ಲಿ ಎಲ್ಲಿರುತ್ತದೆ!

• ಕಥೆಯನ್ನು ಕಥೆ ಅಂತಲೇ ಹೇಳುವ ಪುಸ್ತಕ ಆರಿಸು. ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಗಂಡುಮೆಟ್ಟಿನ ನೆಲದಲ್ಲಿ ವಿಜಯನಗರ ಎದ್ದಿತು ಎಂಬುದು ಚೆಂದದ ಕಥೆ, ಹೇಳಲೇಬೇಕು. ಅಹಮದಾಬಾದ್ ಕಟ್ಟಿದ್ದಕ್ಕೂ ಇದೇ ಕಥೆ ಹೇಳುತ್ತಾರೆ ಎಂಬುದನ್ನೂ ಸೇರಿಸಿ ಹೇಳು. ಕಂಪ್ಲಿಯವರ ಕುಮಾರರಾಮನೂ ಹಾಗೆಯೇ. ಕಂಪಿಲರಾಯನ ರಾಜ್ಯ 1327ರ ಸುಮಾರಿಗೆ ದೆಹಲಿಯ ತುಘಲಕನ ದಂಡಿಗೆ ಬಿದ್ದಿದ್ದು ಇತಿಹಾಸ. ಕುಮಾರರಾಮನ ಸುತ್ತ ಬೆಳೆದದ್ದು ಕಾವ್ಯ, ಹಾಡು, ಬಯಲಾಟ. ನಮ್ಮ ದರೋಜಿ ಈರಮ್ಮ ಬುರ್ರಕಥೆಯಲ್ಲಿ ಅವನ ಕಥೆ ಎತ್ತಿಕೊಂಡರೆ ರಾತ್ರಿ ಸಾಲುತ್ತಿರಲಿಲ್ಲ. 2014ರಲ್ಲಿ ಆಕೆ ತೀರಿಕೊಂಡರು. ಓದು ಬಾರದ ಆ ಅಜ್ಜಿಯ ಬಾಯಲ್ಲಿದ್ದ ಕಥೆಗಳನ್ನು ಕನ್ನಡ ವಿಶ್ವವಿದ್ಯಾಲಯದವರು ಬರೆಸಿ ಅಚ್ಚು ಹಾಕಿದ್ದಾರೆ. ಊರೂರು ತಿರುಗಿ, ಕೊನೆಗೆ ಒಂದು ಕಡೆ ನೆಲೆ ನಿಂತ ಬುಡ್ಗ ಜಂಗಮರ ಹೆಣ್ಣುಮಗಳು ಆಕೆ. ನಿನ್ನ ಪಟ್ಟಿಗೆ ಅವರನ್ನೂ ಸೇರಿಸು.

• ಮುಳುಗಡೆಯ ಬಗ್ಗೆ ಮಕ್ಕಳಿಗೆ ಕನ್ನಡದಲ್ಲಿ ಒಂದು ಪುಸ್ತಕ ಕೊಡಬೇಕೆಂದರೆ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೊಡು. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಕಾದಂಬರಿ. ಅವರು ಸಾಗರದವರು, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡುತ್ತಲೇ ಊರುಗಳು ಮುಳುಗುವುದನ್ನು ಕಂಡವರು. ದೊಡ್ಡವರಿಗೆ ಬರೆದ 'ಮುಳುಗಡೆ', 'ದ್ವೀಪ' ನೀನು ಓದು. ಅದು ಮಲೆನಾಡಿನ ಕಥೆ, ಸರಿ. ಆದರೆ ನಮ್ಮ ತುಂಗಭದ್ರೆಗೆ ಸುಮಾರು 90 ಹಳ್ಳಿಗಳು ಹೋದವು, ಅವರ ಬಗ್ಗೆ ಮಕ್ಕಳ ಪುಸ್ತಕವೆಂದು ಕೈಗೆ ಕೊಡುವಂಥದ್ದು ನನಗೆ ಸಿಕ್ಕಿಲ್ಲ. ಆದ್ದರಿಂದ ಶರಾವತಿಯದ್ದು ಓದಿ ಮರಿಯಮ್ಮನಹಳ್ಳಿಗೆ ಬಸ್ಸು ಹತ್ತಿ. ಹೊಸಪೇಟೆಯಿಂದ ದೂರವೇನಿಲ್ಲ. ನಾರಾಯಣದೇವರಕೆರೆ ಎಂಬ ಊರು ನೀರಿನಡಿ ಹೋದಾಗ ಅಲ್ಲಿಯ ಜನ ಬಂದು ನೆಲೆಸಿದ್ದು ಅಲ್ಲಿ. ನಾಟಕ, ಕುಣಿತ, ಜೋಗತಿ ಕಲೆ ಎಲ್ಲ ಇರುವ ಊರು ಅದು. ಪದ್ಮಶ್ರೀ ಮಂಜಮ್ಮ ಜೋಗತಿಯವರು ಇರುವ ಊರು ಅಂದರೆ ಮಕ್ಕಳು ಬೇಗ ಗುರುತಿಸುತ್ತಾರೆ. ಮನೆ ಬಿಡುವಾಗ ದೇವರನ್ನು ಹೇಗೆ ತಂದರು, ಬಾಗಿಲು ಕಿಟಕಿ ಕಿತ್ತು ತಂದರೋ ಬಿಟ್ಟರೋ ಅಂತ ಕೇಳಲು ಹೇಳು. ಕೇಳುವ ಮೊದಲು ಹಿರಿಯರ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನೂ ಕಲಿಸು.

• ಕಹಿ ವಿಷಯ ಎಷ್ಟನೇ ವಯಸ್ಸಿಗೆ? ಹೊಸಪೇಟೆಯ ಹತ್ತಿರ ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ಕೆರೆಯನ್ನು ಪಾಯಸ್ ಕಣ್ಣಾರೆ ಕಂಡಿದ್ದ. ನೆಲವೇ ಕಾಣದಷ್ಟು ಜನ ಅಲ್ಲಿ ಕೆಲಸ ಮಾಡುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತು. ನರಬಲಿ ಕೊಟ್ಟರೆಂದು ಅವನೇ ಬರೆದಿದ್ದಾನೆ. ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬ ನೆರವಾದ ಸಂಗತಿ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನೂನಿಜನ ಬರಹದಲ್ಲಿದೆ. ಆರು ವರ್ಷದ ಚಿಕ್ಕವನಿಗೆ ಏರಿ ಒಡೆದದ್ದು, ಮತ್ತೆ ಕಟ್ಟಿದ್ದು ಸಾಕು. ದೊಡ್ಡವಳಿಗೆ ಬಲಿಯದ್ದನ್ನೂ ಹೇಳು, ಹಗಲು ಹೊತ್ತಿನಲ್ಲಿ, ಕೈ ಬಿಡುವಾಗಿದ್ದಾಗ, ಅವಳ ಪ್ರಶ್ನೆ ಮುಗಿಯುವ ತನಕ. ಇಂಥದ್ದನ್ನೆಲ್ಲ ಒರೆಸಿ ಬರೀ ವೈಭವ ಬರೆದ ಪುಸ್ತಕಗಳ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಹಾಗಂತ ರಕ್ತವನ್ನೇ ಬಣ್ಣದಲ್ಲಿ ಅಚ್ಚು ಹಾಕಿ ಮಾರುವವೂ ಇವೆ, ಅವು ಮನೆಗೆ ಬೇಡ.

• ನಕಾಶೆ ಇಲ್ಲದ ಇತಿಹಾಸದ ಪುಸ್ತಕ ತಗೊಂಡರೆ ನಕಾಶೆ ನೀವೇ ಬರೆಯಿರಿ. ನಮ್ಮ ಡ್ಯಾಮಿನದ್ದೇ ಸಾಕು. 1945ರ ಫೆಬ್ರವರಿ 28ರಂದು ಎರಡು ಕಡೆ ಅಡಿಗಲ್ಲು ಬಿತ್ತು. ಈ ದಂಡೆ ಮದ್ರಾಸ್ ಸರ್ಕಾರದ್ದು, ಮುನಿರಾಬಾದ್ ದಂಡೆ ಹೈದರಾಬಾದ್ ನಿಜಾಮರದ್ದು. ಪಕ್ಕದ ಸಂಡೂರಿಗೆ ಘೋರ್ಪಡೆ ರಾಜರು ಬೇರೆ. ಸಂಡೂರು 1949ರಲ್ಲಿ ಮದ್ರಾಸಿಗೆ ಸೇರಿತು. 1953ರಲ್ಲಿ ಡ್ಯಾಂ ನೀರು ಕಾಲುವೆಗೆ ಹರಿಯಿತು, ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು, 1956ರಲ್ಲಿ ಆಚೆ ದಂಡೆಯೂ ನಮ್ಮದಾಯಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಮನೆ ಬದಲಿಸದೆಯೇ ಒಬ್ಬ ಅಜ್ಜ ಎಷ್ಟು ಸರ್ಕಾರ ಕಂಡ ಅಂತ ಮಕ್ಕಳೇ ಲೆಕ್ಕ ಹಾಕಲಿ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ನೀರು ನುಗ್ಗಿದ್ದು ದೊಡ್ಡವಳಿಗೆ ನೆನಪಿರುತ್ತದೆ. ಅಲ್ಲಿಂದ ಹಿಂದಕ್ಕೆ ಹೋದರೆ 1945 ಅಷ್ಟೇನೂ ದೂರ ಅನ್ನಿಸುವುದಿಲ್ಲ.

• ಜೋರಾಗಿ ಓದಿ ಹೇಳು. ಅನುವಾದದ ಕನ್ನಡ ನಾಲಿಗೆಗೆ ತೊಡರಿದರೆ ಅಲ್ಲೇ ನಮ್ಮ ಮಾತಿಗೆ ತಿರುಗಿಸು, ಯಾವ ಲೇಖಕರೂ ಬೇಜಾರಾಗುವುದಿಲ್ಲ.

• ಓದಿ ಮುಗಿಸಿದ ಕೂಡಲೇ "ಇದರಿಂದ ಏನು ಕಲಿತಿರಿ?" ಅಂತ ಕೇಳಬೇಡ. ನಲವತ್ತು ಮಕ್ಕಳ ತರಗತಿಯಲ್ಲಿ ನಮಗೆ ಬೇರೆ ದಾರಿ ಇರಲಿಲ್ಲ, ನಿನಗೆ ಇಬ್ಬರೇ.

• ಪುಸ್ತಕ ಎಲ್ಲಿ ಸಿಗುತ್ತವೆ ಅಂತ ನೀನು ಕೇಳಿದ್ದೆ. ಮೊದಲು ಪಂಚಾಯಿತಿ ಲೈಬ್ರರಿಗೆ ಹೋಗು, ಈಗ ಅರಿವು ಕೇಂದ್ರ ಅನ್ನುತ್ತಾರೆ. ಮಕ್ಕಳಿಗೆ ಸದಸ್ಯತ್ವಕ್ಕೆ ಕಾಸಿಲ್ಲ. ಮನೆಯಲ್ಲಿ ಓದುವ ಮಕ್ಕಳಿಗೆ ಅಲ್ಲಿ ಊರಿನ ಬೇರೆ ಹುಡುಗರ ಗೆಳೆತನವೂ ಆಗುತ್ತದೆ, ನನಗೆ ಅದೇ ದೊಡ್ಡ ಲಾಭ. ಕನ್ನಡ ವಿಶ್ವವಿದ್ಯಾಲಯ ಕಮಲಾಪುರ ದಾಟಿದರೆ ಸಿಗುತ್ತದೆ. ಪ್ರಸಾರಾಂಗದ ಮಳಿಗೆಯಲ್ಲಿ ವಿಜಯನಗರದ ಬಗ್ಗೆ, ನಮ್ಮ ಕಡೆಯ ಹಾಡು ಕಥೆಗಳ ಬಗ್ಗೆ ಬೇರೆಲ್ಲೂ ಸಿಗದ ಪುಸ್ತಕ ಇವೆ. ಬಹಳಷ್ಟು ವಿದ್ವಾಂಸರಿಗೆ ಬರೆದವು, ನೋಡಿ ಆರಿಸು. ಚಿಕ್ಕವನಿಗೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ, ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಇವರ ಕನ್ನಡ ಪುಸ್ತಕಗಳು ಸಾಕು. ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಬಿಟ್ಟಿ ಓದಬಹುದು. ಹಾಗೇ ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಹಂಪಿಯ ಗುಡ್ಡ, ಹೊಳೆ, ಕೋಟೆಗಳ ದೊಡ್ಡ ಮಾದರಿ ಇದೆ. ಅದರ ಸುತ್ತ ಒಂದು ಸುತ್ತು ಹಾಕಿಸಿ, ಹೊಳೆ ಎಲ್ಲಿ ತಿರುಗಿದೆ, ನೀರು ಯಾವ ಕಡೆಗೆ ಇಳಿಯಬೇಕು ಅಂತ ಬೆರಳಿಂದ ತೋರಿಸಲಿ.

• ಪುಸ್ತಕ ಇಲ್ಲದ ಕಡೆ ಪುಸ್ತಕ ಮಾಡಿಕೊಳ್ಳಿ. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ಕಂಪ್ಲಿ ಕಡೆಯ ಯಾವುದಾದರೂ ಕ್ಯಾಂಪಿಗೆ ಹೋಗಿ, ಪರಿಚಯದವರ ಮೂಲಕವೇ ಹೋಗು, ಎಂಬತ್ತು ದಾಟಿದ ಅಮ್ಮಮ್ಮ ಒಬ್ಬರ ಹತ್ತಿರ ಮಕ್ಕಳು ಕೂರಲಿ. ತೆಲುಗು ಬೆರೆತ ಕನ್ನಡದಲ್ಲಿ ಅವರು ಹೇಳುತ್ತಾರೆ, ಇವರಿಗೆ ಅರ್ಥವಾಗುತ್ತದೆ. ಬರುವಾಗ ಗಾಡಿಯಲ್ಲಿ ಏನೇನು ಹೇರಿಕೊಂಡು ಬಂದಿರಿ? ಮೊದಲ ಮಳೆಗಾಲ ಎಲ್ಲಿ ಮಲಗಿದಿರಿ? ಕುಡಿಯುವ ನೀರು ಎಲ್ಲಿಯದು? ಇಲ್ಲಿಯ ಜೋಳದ ರೊಟ್ಟಿ ತಿನ್ನಲು ಎಷ್ಟು ದಿನ ಹಿಡಿಯಿತು? ಹೆರಿಗೆಗೆ ಯಾರು ಬಂದರು? ಇಂಥ ಪ್ರಶ್ನೆ ಕೇಳಲಿ. "ನಿಮ್ಮ ಜೀವನ ಹೇಗಿತ್ತು?" ಅಂತ ಕೇಳಿದರೆ ಯಾರೂ ಏನೂ ಹೇಳುವುದಿಲ್ಲ. ಆಮೇಲೆ ಅದೇ ವಾರ ಅಕ್ಕಪಕ್ಕದ ಹಳೇ ಊರಿಗೆ ಹೋಗಿ, ಆಗ ಹೊಲ ಮಾರಿದ ಮನೆಯ ಹಿರಿಯರನ್ನೂ ಕೇಳಿ. ಎಡಪುಟದಲ್ಲಿ ಒಬ್ಬರದು, ಬಲಪುಟದಲ್ಲಿ ಇನ್ನೊಬ್ಬರದು ಬರೆಯಲಿ. ಇಬ್ಬರ ಮಾತು ಹೊಂದದಿದ್ದರೆ ತಿದ್ದಿ ಹೊಂದಿಸಲು ಹೋಗಬೇಡ. ಹೆಸರು ಹಾಕುವ ಮೊದಲು ಅವರನ್ನು ಕೇಳಬೇಕು. ಬೇಡ ಅಂದರೆ ಬೇಡ.

• ತಾಂಡಾಕ್ಕೂ ಹೋಗಿ. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುವುದನ್ನು ನೋಡಬಹುದು. ಕನ್ನಡಿ, ಕವಡೆ, ಹೊಲಿಗೆಯ ಒಂದೊಂದು ಬಗೆಗೂ ಅವರಲ್ಲಿ ಹೆಸರಿದೆ. ಮಕ್ಕಳು ಕೇಳಿ ಬರೆದುಕೊಳ್ಳಲಿ. ಲಂಬಾಣಿಗಳ ಬಗ್ಗೆ ಬರೆದ ಮಕ್ಕಳ ಪುಸ್ತಕ ಕೊಳ್ಳುವಾಗ ಒಂದೇ ಎಚ್ಚರ: ಬರೀ ಬಣ್ಣದ ಲಂಗ, ಕುಣಿತ ಇದ್ದರೆ ಸಾಲದು. ಎತ್ತಿನ ಸಾಲುಗಳಲ್ಲಿ ದಂಡಿಗೆ, ಸಂತೆಗೆ ದವಸ ಮುಟ್ಟಿಸುತ್ತಿದ್ದ ದೊಡ್ಡ ವ್ಯಾಪಾರಿಗಳು ಅವರು. ರಸ್ತೆ, ರೈಲು ಬಂದು ಆ ವ್ಯಾಪಾರ ಕೆಟ್ಟಿತು ಎಂಬುದು ಅದರಲ್ಲಿ ಇರಬೇಕು.

• ಪರೀಕ್ಷೆಯ ಚಿಂತೆ ಈಗಲೇ ಹಚ್ಚಿಕೊಳ್ಳಬೇಡ. ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೆಯದಕ್ಕೆ ಕೂರಿಸಲು ಹದಿನಾಲ್ಕು ತುಂಬಿರಬೇಕು, ಇನ್ನೂ ಕಾಲವಿದೆ. ಆದರೂ ಸರ್ಕಾರಿ ಸಮಾಜವಿಜ್ಞಾನದ ಪುಸ್ತಕ ಒಂದು ಮನೆಯಲ್ಲಿರಲಿ, ಓರಗೆಯ ಮಕ್ಕಳು ಏನು ಓದುತ್ತಿದ್ದಾರೆ ಅಂತ ತಿಳಿದಿರಬೇಕು.

• ಒಟ್ಟಿಗೆ ಹತ್ತು ಪುಸ್ತಕ ತರಿಸಬೇಡ. ಈ ತಿಂಗಳು ಲಾರಾಳ ಮೊದಲ ಪುಸ್ತಕ ಮತ್ತು ಬೀಸುಕಲ್ಲು. ಬರುವ ತಿಂಗಳು ಡಿಸೋಜರದು ಮತ್ತು ಮರಿಯಮ್ಮನಹಳ್ಳಿ. ಕಾಲುವೆಗೆ ನೀರು ನಿಲ್ಲಿಸಿ ರಿಪೇರಿ ಹಿಡಿಯುವ ದಿನ ನೋಡಿಕೊಂಡು ಪಾಯಸನ ಪುಟಗಳನ್ನು ಓದಿ, ಬೆಳಿಗ್ಗೆ ಏಳಕ್ಕೆಲ್ಲ ತುರ್ತು ಕಾಲುವೆಯ ದಂಡೆ ಹಿಡಿದು ನಡೆಯಿರಿ. ನೀರಿಲ್ಲದಾಗ ಹಳೇ ಕಟ್ಟಡದ ಕಲ್ಲುಗಳು ಕಾಣುತ್ತವೆ. ಟೋಪಿ, ನೀರು, ಮಂಡಕ್ಕಿ ಕಟ್ಟಿಕೊಳ್ಳಿ. ನನ್ನ ಮೊಣಕಾಲು ಚೆನ್ನಾಗಿದ್ದರೆ ಸೇತುವೆ ತನಕ ನಾನೂ ಬರುತ್ತೇನೆ.